ತೆರೆದಿರಾ? ಮುಚ್ಚಿ!

ರೈತ ಸೈಯದ್ ಘನಿ ಖಾನರು ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ನೂರಾರು ಭತ್ತದ ತಳಿ ಉಳಿಸಿದ್ದಾರೆ. ನಮ್ಮೂರಿನ ಅಂಥ ಭತ್ತಕ್ಕೊಂದು ವೆಬ್ ಪುಟ ಮಾಡ್ರಪ್ಪಾ ಎಂದರೆ, "ಅದಕ್ಕೆ ಇಂಜಿನಿಯರಿಂಗ್ ಓದಬೇಕಲ್ವಾ ಸಾ?" ಅಂತಾರೆ ಹುಡುಗರು.

ಬೇಡ ಕಣ್ರಪ್ಪಾ, ನೋಟ್‌ಪ್ಯಾಡ್ ಸಾಕು! ಟಿಮ್ ಬರ್ನರ್ಸ್-ಲೀ 1991ರಲ್ಲೇ ಜಗತ್ತಿನ ಮುಂದಿಟ್ಟ ವೆಬ್ ಪುಟದ ಭಾಷೆ ಎಚ್‌ಟಿಎಂಎಲ್ ಇದೆಯಲ್ಲ! ತಳಿಯ ಹೆಸರಿಗೆ ಶೀರ್ಷಿಕೆಯ ಗುರುತಾದ ಎಚ್1 ಟ್ಯಾಗ್, ವಿವರಕ್ಕೆ ಪಿ ಟ್ಯಾಗ್. ತೆರೆದ ಟ್ಯಾಗನ್ನು ಓರೆಗೆರೆ ಹಾಕಿ ಮುಚ್ಚಬೇಕು, ಅಷ್ಟೇ. ದಪ್ಪಕ್ಷರದ ಬಿ ಟ್ಯಾಗ್ ಮುಚ್ಚದಿದ್ದರೆ ರಾಜಮುಡಿ ತಳಿಯಿಂದಾಚೆಗಿನ ಸಾಲುಗಳೆಲ್ಲ ಬೀಗರೂಟ ಮುಗಿಸಿದವರ ಹಾಗೆ ಊದಿಕೊಳ್ಳುತ್ತವೆ. ಅಕ್ಷರಸಂಕೇತ ಯುಟಿಎಫ್-8 ಎಂದು ನಮೂದಿಸದಿದ್ದರೆ ಕನ್ನಡವೇ ಚಿತ್ರಾನ್ನ!

ಆದರೂ ಬ್ರೌಸರ್ ಬೈಯುವುದಿಲ್ಲ. ತಪ್ಪಿದ್ದರೂ ಕೈಲಾದಷ್ಟು ತೋರಿಸುತ್ತದೆ. ಅಂಥ ಮೇಷ್ಟ್ರು ಎಲ್ಲಿ ಸಿಗ್ತಾರೆ? ಇವತ್ತೇ ಶುರು ಮಾಡಿ. ಕರೆಂಟ್ ಹೋಗುವ ಮೊದಲು ಸೇವ್ ಮಾತ್ರ ಮಾಡಿಕೊಳ್ಳಿ!