ಲೆಕ್ಕವಿಟ್ಟವಳ ಪರವಾಗಿ

ಮೇಲುಕೋಟೆಯಲ್ಲಿ ಅಕ್ಕತಂಗಿಯರ ಕೊಳಗಳಿವೆ, ಒಂದರ ಮಗ್ಗುಲಿಗೆ ಒಂದು. ಕಟ್ಟಿಸುವಾಗ ಒಬ್ಬಳು ಖರ್ಚಿನ ಲೆಕ್ಕ ಬರೆದಿಟ್ಟಳಂತೆ, ಇನ್ನೊಬ್ಬಳು ಧರ್ಮದ ಕೆಲಸಕ್ಕೆಂಥ ಲೆಕ್ಕವೆಂದು ಸುಮ್ಮನಿದ್ದಳಂತೆ. ಅದಕ್ಕೇ ಲೆಕ್ಕವಿಟ್ಟವಳ ಕೊಳದ ನೀರು ಕುಡಿಯಲು ಬಾರದು, ಇಡದವಳದು ಸಿಹಿನೀರು ಎಂಬುದು ಐತಿಹ್ಯ. ಶಾನುಭೋಗರ ಮೇಲೆ ಜನಕ್ಕಿದ್ದ ಸಿಟ್ಟೆಲ್ಲ ಪಾಪ ಆ ಹೆಣ್ಣುಮಗಳ ತಲೆಗೆ ಬಂದಂತಿದೆ. ಬೆಟ್ಟ ಹತ್ತುವವರ ಮಟ್ಟಿಗಾದರೂ ಈ ತೀರ್ಪನ್ನು ಮೇಲ್ಮನವಿಗೆ ಒಯ್ಯಬೇಕೆಂದು ನನ್ನ ವಾದ. ದಾರಿಯಲ್ಲಿ ಸಿಕ್ಕ ನೀರನ್ನು ಕುಡಿಯುವ ನೀರಾಗಿಸುವುದು ಲೆಕ್ಕವೊಂದೇ. ಅದೂ ಗಡಿಯಾರ ನೋಡಿ ಇಟ್ಟ ಲೆಕ್ಕ.

ಕಣ್ಣನ್ನು ನಂಬುವವರು ಮೊದಲು ತಕರಾರು ತೆಗೆಯುತ್ತಾರೆ: ನೀರು ತಿಳಿಯಾಗಿದೆಯಲ್ಲ, ಇನ್ನೇನು? ತೊಣ್ಣೂರು ಕೆರೆ ಅವರ ಮೆಚ್ಚಿನ ಸಾಕ್ಷಿ. 1746ರಲ್ಲಿ ಇದರ ತಿಳಿನೀರು ಕಂಡ ನಿಜಾಮನ ಮಗ ನಾಸಿರ್ ಜಂಗ್ ಮೋತಿ ತಲಾಬ್ ಎಂದು ಹೆಸರಿಟ್ಟ. ಮುತ್ತಿನಂಥ ಹೆಸರೇ, ಒಪ್ಪೋಣ. ಆದರೆ ಭೇದಿ ತರಿಸುವ ಬ್ಯಾಕ್ಟೀರಿಯಾ ಮಿಲಿಮೀಟರಿನ ಸಾವಿರದ ಕೆಲವೇ ಪಾಲಿನಷ್ಟು ದೊಡ್ಡದು. ನಿಜಾಮನ ಮಗನ ಕಣ್ಣಿಗೂ ನಮ್ಮ ಕಣ್ಣಿಗೂ ಅದು ಸಮಾನವಾಗಿ ಕಾಣದು. ಹಾಗಾದರೆ ಬಟ್ಟೆಯಲ್ಲಿ ಸೋಸೋಣ ಎನ್ನುವವರಿಗೆ ಕೊಂಚ ಬಲವಿದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ಸೋಸಿದಾಗ ಕಾಲರಾ ಸುಮಾರು ಅರ್ಧಕ್ಕಿಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಒಗೆದೊಗೆದು ನೂಲು ಹಿಂಜಿದ ಸೀರೆಯೇ ಆಗಬೇಕು. ಸೊಸೆಯ ಹೊಸ ಸೀರೆಗಿಂತ ಅಜ್ಜಿಯ ಹಳೆ ಸೀರೆ ಮೇಲು. ಆದರೂ ಉಳಿದ ಅರ್ಧಕ್ಕೆ ಯಾರು ಹೊಣೆ? ಸೋಸುವುದು ಪೀಠಿಕೆ, ಅಧ್ಯಾಯ ಮುಂದಿದೆ.

ಆ ಅಧ್ಯಾಯ ತುಂಬ ಬರೀ ಅಂಕಿಗಳೇ. ಕೊತಕೊತ ಕುದಿ ಬಂದಮೇಲೆ ಒಂದು ನಿಮಿಷ. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಈ ಸೀಮೆಯ ಬೆಟ್ಟಗಳಾದ ಕುಂತಿಬೆಟ್ಟ, ಕರಿಘಟ್ಟ, ಹೇಮಗಿರಿ ಯಾವುದೂ ಆ ಎತ್ತರದ ಹತ್ತಿರಕ್ಕೂ ಬಾರದು, ಹಾಗಾಗಿ ಹಿಮಾಲಯದ ಲೆಕ್ಕವನ್ನು ಇಲ್ಲಿ ಹೂಡಿ ಗ್ಯಾಸ್ ಸುಡಬೇಕಿಲ್ಲ. ಕ್ಲೋರಿನ್ ಮಾತ್ರೆಗೆ ಸಾಮಾನ್ಯವಾಗಿ ಅರ್ಧ ಗಂಟೆ. ತಿಳಿನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯನ್ನು ಬಿಸಿಲಿಗೆ ಮಲಗಿಸಿದರೆ ಆರು ಗಂಟೆ, ಮೋಡವಿದ್ದರೆ ಎರಡು ದಿನ. ಇನ್ನು ತಾಮ್ರ. ತಾಮ್ರದ ಪಾತ್ರೆ ಭೇದಿಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ಬೆಂಗಳೂರಿನ ಸಂಶೋಧಕರೇ 2012ರಲ್ಲಿ ತೋರಿಸಿದ್ದಾರೆ. ನಮ್ಮ ಪೂರ್ವಜರಿಗೆ ಜೈ. ಆದರೆ ಆ ಸಂಶೋಧಕರು ನೀರಿಟ್ಟದ್ದು ಹದಿನಾರು ಗಂಟೆ. ಕುಂತಿಬೆಟ್ಟದ ಮಧ್ಯದಲ್ಲಿ ಬಾಯಾರಿ, ಹೊಂಡದ ನೀರನ್ನು ತಾಮ್ರದ ಬಾಟಲಿಗೆ ತುಂಬಿ, ಎರಡು ಸಲ ಕುಲುಕಿ, ಗಟಗಟ ಕುಡಿಯುವವನು ಪೂರ್ವಜರ ಹೆಸರಿಗೆ ಮಸಿ ಬಳಿಯುತ್ತಿದ್ದಾನೆ.

ಹಿರಿಯರು ಇದೆಲ್ಲ ಮಾಡದೆ ಬದುಕಲಿಲ್ಲವೇ ಎಂಬುದು ಮುಂದಿನ ತಕರಾರು. ಬದುಕಿದವರು ಬದುಕಿದರು, ಅವರೇ ಈ ಮಾತನ್ನು ಮೊಮ್ಮಕ್ಕಳಿಗೆ ಹೇಳಿದರು. ಕಾಲರಾಕ್ಕೆ ಹೋದವರಿಗೆ ಮೊಮ್ಮಕ್ಕಳೇ ಆಗಲಿಲ್ಲ. ಬೆಟ್ಟದ ಮೇಲೆ ಒಲೆ ಹೂಡುವುದೇ ತಪ್ಪಲ್ಲವೇ ಎಂಬ ತಕರಾರನ್ನು ಮಾತ್ರ ತಲೆಬಾಗಿ ಒಪ್ಪುತ್ತೇನೆ. ಮೇಲುಕೋಟೆಯ ಕಾಡು 1974ರಿಂದ ತೋಳಗಳ ಅಭಯಾರಣ್ಯ. ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ನಮ್ಮ ಹೊಟ್ಟೆ ಉಳಿದು ತೋಳದ ಮನೆ ಹೋದೀತು. ಮಾತ್ರೆಗೂ ಮಿತಿಯಿದೆ: ದನಕರು ಇಳಿಯುವ ನೀರಲ್ಲಿರಬಹುದಾದ ಕ್ರಿಪ್ಟೊಸ್ಪೋರಿಡಿಯಂ ಎಂಬ ಜೀವಿ ಕ್ಲೋರಿನ್ನಿಗೆ ಸೊಪ್ಪು ಹಾಕುವುದಿಲ್ಲ. ಆದ್ದರಿಂದ ಅರ್ಧ ದಿನದ ನಮ್ಮ ಬೆಟ್ಟಗಳಿಗೆ ಮನೆಯಲ್ಲೇ ಕುದಿಸಿ ಆರಿಸಿದ ನೀರನ್ನು ಹೊರುವುದೇ ಉತ್ತಮ, ಮಾತ್ರೆ ಆಪತ್ತಿಗೆ. ಎರಡು ಲೀಟರ್ ಭಾರವೇ? ಹತ್ತುವಾಗ ಭಾರ, ಕುಡಿಯುತ್ತ ಹೋದಂತೆ ಹಗುರ.

ನಿಮಿಷ ಎಣಿಸುತ್ತ ಕೂತರೆ ಚಾರಣದ ಮಜಾ ಎಲ್ಲಿ ಎಂದು ಕೊನೆಗೆ ಕೇಳುತ್ತಾರೆ. ಎಣಿಸದವರೂ ಆಮೇಲೆ ಎಣಿಸುತ್ತಾರೆ, ಕೋಣೆ ಬೇರೆ. ಜಿಯಾರ್ಡಿಯಾದಂಥ ಪರಾವಲಂಬಿ ಹೊಟ್ಟೆ ಸೇರಿ ಲಕ್ಷಣ ತೋರಿಸಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಷ್ಟರಲ್ಲಿ ಹೊಂಡದ ನೀರು ಮರೆತಿರುತ್ತದೆ. ವಿಚಾರಣೆ ಶುರುವಾದಾಗ ನೆನಪಿಗೆ ಬರುವುದು ಇಳಿದು ಬಂದು ತಿಂದ ಪುಳಿಯೋಗರೆ. ಸಾಕ್ಷಿ ಇಲ್ಲ, ವಕೀಲರಿಲ್ಲ, ನೇರ ಶಿಕ್ಷೆ. ನಿಮ್ಮ ಹೊಟ್ಟೆಯ ಮೇಲೆ ಕರುಣೆ ಬಾರದಿದ್ದರೆ ಬೇಡ, ಮೇಲುಕೋಟೆಯ ಅಡುಗೆಯವರ ಮರ್ಯಾದೆಗಾದರೂ ಒಂದು ನಿಮಿಷ ಕುದಿಸಿ.