ಹಾಸ್ಯ ಬಂದಾಗ ಎಬ್ಸು ಮಾರಾಯ

ಯಕ್ಷಗಾನ ಆಟದ ಹ್ಯಾಂಡ್‌ಬಿಲ್ ಕೈಗೆ ಸಿಕ್ಕಿದರೆ ತೆಂಗಿನಗುಂಡಿ ಬಂದರದಲ್ಲಿ ಉಳಿದವರೆಲ್ಲ ಪ್ರಸಂಗ ಯಾವುದು, ಭಾಗವತರು ಯಾರು ಎಂದು ನೋಡುತ್ತಾರೆ. ಇವರ ಬೆರಳು ಅದೆಲ್ಲ ದಾಟಿ ಕೆಳಗಿಳಿಯುತ್ತದೆ. ‘ಹಾಸ್ಯ ಯಾರ್ದು?’

ಮೂರೂರು ರಮೇಶ ಭಂಡಾರಿ, ಕಾಸರಕೋಡು ಶ್ರೀಧರ ಭಟ್ಟ, ಹಳ್ಳಾಡಿ ಜಯರಾಮ ಶೆಟ್ಟಿ, ಇಂಥ ಒಂದು ಹೆಸರು ಕಂಡರೆ ಆಟ ಹೊನ್ನಾವರದಾಚೆ ಇದ್ದರೂ ಟೆಂಪೊ ಹತ್ತಿಯಾಯಿತು. ಕಾಣದಿದ್ದರೆ ಮನೆ ಪಕ್ಕದ ಗದ್ದೆಯಲ್ಲೇ ರಂಗಸ್ಥಳ ಕಟ್ಟಿದರೂ ಸೊಂಟನೋವು. ಇವರ ಹೆಸರು ಬೇಡ. ಭಟ್ಕಳದಿಂದ ಕುಮಟೆಯವರೆಗೆ ಊರಿಗೆ ನಾಲ್ಕು ಮಂದಿ ಸಿಗುತ್ತಾರೆ, ನಿಮ್ಮ ಮನೆಯಲ್ಲೂ ಒಬ್ಬರಿರಬಹುದು.

ಇವರು ಆಟಕ್ಕೆ ಎಲ್ಲರಿಗಿಂತ ಮೊದಲು ಬರುತ್ತಾರೆ, ಮಲಗಲಿಕ್ಕೆ. ಎದುರಿಗೇ ಚಾಪೆ ಬಿಡಿಸಿ, ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ತಲೆಯಡಿಗೆ ಇಟ್ಟರೆ ದಿಂಬೂ ಆಯಿತು, ಕಳ್ಳರ ಭಯವೂ ಹೋಯಿತು. ಕಿವಿಗೆ ಮಫ್ಲರ್. ಪಕ್ಕದ ಹುಡುಗನ ಕೈಗೆ ಒಂದು ಪೊಟ್ಟಣ ಶೇಂಗಾ. ‘ಹಾಸ್ಯ ಬಂದಾಗ ಎಬ್ಸು ಮಾರಾಯ.’ ಅಷ್ಟೇ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ಒಡ್ಡೋಲಗ ಎಲ್ಲ ಆ ಮಫ್ಲರಿನ ಮೇಲಿಂದಲೇ ಹಾದುಹೋಗುತ್ತವೆ. 2012ರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದಾಗ ‘ಅವ್ರ ಕೀಚಕ ನಾ ಎಷ್ಟು ನೋಡಿಲ್ಲ!’ ಎಂದು ಚಾದಂಗಡಿಯಲ್ಲಿ ಎದೆ ತಟ್ಟಿದ್ದರು. ಇವರು ಕೀಚಕನನ್ನು ನೋಡಿದ್ದು ಅನುಮಾನ. ಕೀಚಕ ಇವರ ಗೊರಕೆ ಕೇಳಿದ್ದು ಖಂಡಿತ.

ಎಬ್ಬಿಸಿದ ಮೇಲೆ ಬೇರೆಯೇ ಮನುಷ್ಯ. ಹಾಸ್ಯಗಾರ ಬಾಯಿ ತೆರೆಯುವ ಮೊದಲೇ ನಗು. ಮಾತು ಮುಗಿಯುವುದಕ್ಕೆ ಮುಂಚೆ ಇವರೇ ಅದನ್ನು ಹೇಳಿಬಿಡುತ್ತಾರೆ, ಆಮೇಲೆ ಪಕ್ಕದವರಿಗೆ ಬಿಡಿಸಿ ಹೇಳುತ್ತಾರೆ. ಹಾಸ್ಯಗಾರ ಒಳಗೆ ಹೋದನೋ, ಮಫ್ಲರ್ ಮತ್ತೆ ಕಿವಿಗೆ.

ಬೆಂಗಳೂರಿನ ಮಗನ ಮನೆಗೆ ಹೋದಾಗಲೂ ಮೊದಲ ಪ್ರಶ್ನೆ, ‘ಇಷ್ಟು ದೊಡ್ಡ ಊರಲ್ಲಿ ಹಾಸ್ಯ ಎಲ್ಲಿ ನೋಡೂದು?’ ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಇದೆ, ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದ ಮಗ. ಅದು ಸರಿಯೇ, ಮಲಗಲಿಕ್ಕೆ ಜಾಗ ಉಂಟಾ ಎಂದರು ಇವರು. ಕೊನೆಗೆ ಕೋರಮಂಗಲದಲ್ಲಿ ಒಂದು ಸ್ಟ್ಯಾಂಡಪ್ ಕಾಮಿಡಿಗೆ ಟಿಕೆಟ್ ತೆಗೆದದ್ದಾಯಿತು. ಟೀ ಶರ್ಟಿನ ಹುಡುಗ ಮೈಕ್ ಹಿಡಿದು ಬಂದವನೇ ಎದುರು ಸಾಲಿನ ಇವರನ್ನೇ ಹಿಡಿದ.

‘ಅಂಕಲ್, ಯಾವೂರು?’

‘ತೆಂಗಿನಗುಂಡಿ.’

‘ಓ, ನಮಗೆ ತೆಂಗಿನಕಾಯಿ ತಂದ್ರಾ?’

‘ಕಾಯಿ ಮನೇಲಿ, ಮೀನು ಬಂದರ್ದಲ್ಲಿ. ನಿನ್ ವೇಷ ಎಲ್ಲಿಟ್ಟು ಬಂದೆ ತಮಾ?’

ಆ ಸಂಜೆ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಟಿಕೆಟ್ ಕೊಟ್ಟು ಹೋದವರಿಗೆ. ಹುಡುಗ ಬುದ್ಧಿವಂತ, ಮತ್ತೆ ಈ ಕಡೆ ತಿರುಗಲಿಲ್ಲ. ಇವರಿಗೇನೋ ಸಮಾಧಾನವಿಲ್ಲ. ಗಂಟೆಗಟ್ಟಲೆ ಬರೀ ಹಾಸ್ಯವೇ ಆದರೆ ಮನುಷ್ಯ ನಿದ್ರೆ ಮಾಡುವುದು ಯಾವಾಗ?

ಊರಲ್ಲಿ ಕಾಲ ಇನ್ನೂ ಕೆಟ್ಟಿತ್ತು. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮ ಬಿಗಿಯಾಗಿ, ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳು ಎಷ್ಟೋ ಕಡೆ ಕಾಲಮಿತಿಗೆ ಇಳಿದಿವೆ. ಸಂಜೆಯೇ ಶುರು, ನಿದ್ರೆ ಬರುವ ಹೊತ್ತಿಗೆ ಮಂಗಳ. ಹೀಗೆ ಇವರು ಜನ್ಮದಲ್ಲಿ ಮೊದಲ ಬಾರಿಗೆ ‘ನಳ ದಮಯಂತಿ’ಯನ್ನು ಎಚ್ಚರವಿದ್ದೇ ನೋಡಬೇಕಾಯಿತು. ರಾಜ್ಯ ಕಳೆದುಕೊಂಡ ನಳ, ಕಾಡಿನಲ್ಲಿ ಮಲಗಿದ ಹೆಂಡತಿಯನ್ನು ಬಿಟ್ಟುಹೋಗುತ್ತಾನೆ. ಕಾರ್ಕೋಟಕ ಕಚ್ಚಿ ಕುರೂಪಿ ಬಾಹುಕನಾಗುತ್ತಾನೆ. ನಳನ ವೇಷದವರು ಒಳಗೆ ಹೋದರು, ಹಾಸ್ಯಗಾರ ಹೊರಗೆ ಬಂದ. ಜನ ನಕ್ಕರು. ಇವರು ಮಾತ್ರ ಹುಡುಗನ ಕಡೆ ತಿರುಗಿದರು.

‘ಬಾಹುಕ ಅಂದ್ರೆ ನಳನೇ ಏನೋ?’

‘ಮತ್ತೆ? ನೀವು ಯಾರು ಅಂದ್ಕಂಡಿದ್ರಿ?’

‘ಅಡಿಗೆ ಭಟ್ಟ ಅಂದ್ಕಂಡಿದ್ದೆ. ಇಷ್ಟು ವರ್ಷ ನನ್ ಶೇಂಗಾ ತಿಂದು ಒಂದು ಮಾತು ಹೇಳ್ಲಿಲ್ವಲ್ಲೋ!’

ಮೇ ಕಳೆದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಜೂನ್ 1ರಿಂದ ಮೀನುಗಾರಿಕೆ ರಜೆ, ಬೋಟುಗಳೂ ದಡ ಸೇರುತ್ತವೆ. ಹಾಗಾಗಿ ಹಾಸ್ಯ ನೋಡಬೇಕೆನ್ನುವವರು ಮಳೆಗಾಲಕ್ಕೆ ಮುಂಚೆ ಈ ಕಡೆ ಬನ್ನಿ. ಇವರ ಪಕ್ಕದಲ್ಲಿ ಮಾತ್ರ ಕೂರಬೇಡಿ. ಈಗ ಕಥೆ ಪೂರ್ತಿ ಗೊತ್ತಾಗಿದೆ, ಹೇಳದೆ ಬಿಡುವುದಿಲ್ಲ.