ಬಾರದ ಬೀಗರಿಗಾಗಿ ಒಂದೂವರೆ ನಿಮಿಷ

ಲಿನಕ್ಸ್ ಕಂಪ್ಯೂಟರ್ ಏಳಲು ತಡಮಾಡಿದರೆ ಮೊದಲ ಬೈಗುಳ ಬೀಳುವುದು ಅದರ ವಯಸ್ಸಿಗೆ. ‘ಹಳೇ ಡಬ್ಬಾ, ಇನ್ನೇನು ಮಾಡೀತು!’ ಆದರೆ ನಿಧಾನವೇ ಬೇರೆ, ಕಾಯುವುದೇ ಬೇರೆ. ಅಜ್ಜ ಮೆಟ್ಟಿಲು ಹತ್ತುವುದು ನಿಧಾನ. ಎಲೆ ಹಾಕಿ, ಉಪ್ಪು ಬಡಿಸಿ, ಬೀಗರು ಬರಲಿ ಎಂದು ಪಂಕ್ತಿಯನ್ನೇ ತಡೆದು ಕೂರಿಸುವುದು ಕಾಯುವಿಕೆ. ಹಸಿದವನ ಹೊಟ್ಟೆಗೆ ಎರಡೂ ಒಂದೇ; ಅಡುಗೆ ಭಟ್ಟರಿಗೆ ಮಾತ್ರ ವ್ಯತ್ಯಾಸ ಗೊತ್ತು. ಪರದೆಯ ಮೇಲೆ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂಬ ಸಾಲು ಮೂಡಿ, ಕೆಂಪು ಚುಕ್ಕಿಗಳು ಅತ್ತಿತ್ತ ಓಲಾಡುತ್ತ, ಪಕ್ಕದಲ್ಲಿ ಒಂದೂವರೆ ನಿಮಿಷದ ಗಡುವು ಕಂಡರೆ ಯಂತ್ರ ಸೋತಿದೆ ಎಂದಲ್ಲ, ಯಾರಿಗೋ ಕಾದಿದೆ ಎಂದೇ ನನ್ನ ವಾದ.

ಇದಕ್ಕೆ ಸಾಕ್ಷಿ ಗಡಿಯಾರವೇ. 2010ರಲ್ಲಿ ಹುಟ್ಟಿ, ಇಂದು ಹೆಚ್ಚಿನ ಲಿನಕ್ಸ್‌ಗಳ ಬೆಳಗಿನ ಯಜಮಾನಿಕೆ ವಹಿಸಿರುವ ಸಿಸ್ಟಮ್‌ಡಿ, ಕರೆದವರು ಬಾರದಿದ್ದರೆ ಸಾಮಾನ್ಯವಾಗಿ 90 ಸೆಕೆಂಡು ಕಾಯುತ್ತದೆ. ದಣಿದವನು ಒಂದೊಂದು ದಿನ ಒಂದೊಂದು ಹೊತ್ತಿಗೆ ಏಳುತ್ತಾನೆ. ದಿನವೂ ಲೆಕ್ಕ ಹಾಕಿದಂತೆ ತೊಂಬತ್ತಕ್ಕೇ ಏಳುವವನು ದಣಿದವನಲ್ಲ. ಕರೆಯಬೇಕಾದವರ ಪಟ್ಟಿ ಇರುವುದು ‘ಎಫ್‌ಎಸ್‌ಟ್ಯಾಬ್’ ಎಂಬ ಪುಟ್ಟ ಕಡತದಲ್ಲಿ. ಅತಿಥಿಗಳೆಂದರೆ ಡಿಸ್ಕು, ಪಾರ್ಟಿಷನ್ನುಗಳು; ಡಿಸ್ಕುಗಳಿಗಿರುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನೆಚ್ಚುವಂತಿಲ್ಲ. ಮೊದಲು ಕಣ್ಣಿಗೆ ಬಿದ್ದವನೇ ‘ಎ’, ಆದ್ದರಿಂದ ಇಂದಿನ ಹಿರಿಯ ನಾಳೆಯ ಕಿರಿಯ. ಹಾಗಾಗಿ ಪ್ರತಿ ಪಾರ್ಟಿಷನ್ನಿಗೂ ಯುಯುಐಡಿ ಎಂಬ ಗುರುತು; ಲಿನಕ್ಸಿನ ಸ್ವಂತ ಪಾರ್ಟಿಷನ್ನುಗಳಲ್ಲಿ ಅದು 32 ಅಂಕಿ-ಅಕ್ಷರಗಳಷ್ಟು ಉದ್ದ. ಫಾರ್ಮ್ಯಾಟ್ ಮಾಡಿದೊಡನೆ ಆ ಗುರುತು ಬದಲಾಗುತ್ತದೆ, ಪಟ್ಟಿ ಬದಲಾಗುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಲಿನಕ್ಸ್ ಹಾಕಿಕೊಂಡಾಗ ಅದು ಸ್ವಾಪ್ ಜಾಗವನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿಬಿಟ್ಟರೆ, ಹಳೆಯ ಲಿನಕ್ಸ್ ಮರುದಿನದಿಂದ ಹಳೇ ವಿಳಾಸದ ಮುಂದೆ ಕಾಯಲು ತೊಡಗುತ್ತದೆ. ಬೀಗರು ಚಪ್ಪರದೊಳಗೇ ಇದ್ದಾರೆ, ಹೆಸರು ಮಾತ್ರ ಬೇರೆ!

‘ಇಲ್ಲದವರಿಗೆ ಕಾಯುವುದೇಕೆ, ಮುಂದೆ ಹೋಗಬಾರದೇ?’ ಎಂದು ಕೇಳಬಹುದು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಮೈಮುರಿದೇಳಲು ಕೆಲವು ಸೆಕೆಂಡು ಬೇಕು. ನಿಮ್ಮ ಕಡತಗಳೆಲ್ಲ ಇರುವ ಡಿಸ್ಕನ್ನು ಬಿಟ್ಟು ಒಳಗೆ ಕರೆದರೆ, ಖಾಲಿ ಮನೆ ನೋಡಿ ನೀವೇ ಬೊಬ್ಬೆ ಹಾಕುತ್ತೀರಿ. ಬಂದರೂ ಸರಿ, ಬಾರದಿದ್ದರೂ ಸರಿ ಎನ್ನುವ ಅತಿಥಿಯ ಮುಂದೆ ‘ನೋಫೇಲ್’ ಎಂದು ಬರೆದಿಟ್ಟರೆ ಸಿಸ್ಟಮ್‌ಡಿ ಪಂಕ್ತಿ ತಡೆಯುವುದಿಲ್ಲ. ‘ಎಸ್‌ಎಸ್‌ಡಿ ಹಾಕಿಸಿದರಾಯಿತು’ ಎನ್ನುವವರಿಗೆ: ಹೊಸ ಡಿಸ್ಕು ಓದುವ ವೇಗ ಹೆಚ್ಚಿಸೀತು, ತೊಂಬತ್ತನ್ನು ಎಂಬತ್ತೊಂಬತ್ತು ಮಾಡದು. ‘ಎಲ್ಲ ಅಳಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ’ ಎಂಬುದು ನಿಜವೇ; ಇಲಿಯ ಕಾಟಕ್ಕೆ ಮನೆ ಸುಟ್ಟರೂ ಇಲಿ ಹೋಗುತ್ತದೆ. ‘ಸಿಸ್ಟಮ್‌ಡಿ-ಅನಲೈಸ್ ಬ್ಲೇಮ್’ ಎಂಬ ಆಜ್ಞೆ ಕೊಡುವ ತಡಮಾಡಿದವರ ಪಟ್ಟಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ; ಬೇರೆಯವರಿಗಾಗಿ ಕಾದು ತಡವಾದವನ ಹೆಸರೂ ಅಲ್ಲಿ ಮೇಲೇ ಇರುತ್ತದೆ. ಯಾರು ಯಾರಿಗೆ ಕಾದರೆಂಬ ಸರಪಳಿ ತೋರಿಸಲು ‘ಕ್ರಿಟಿಕಲ್-ಚೈನ್’ ಬೇಕು.

ಡಿಸ್ಕೇ ನಿಜವಾಗಿ ಕೆಟ್ಟಿದ್ದರೆ? ಇದು ಗಟ್ಟಿಯಾದ ಆಕ್ಷೇಪ. ಆಗಲೂ ಕರ್ನಲ್ ಬಾಯಿಬಿಟ್ಟು ಹೇಳುತ್ತದೆ: ಕೊಂಡಿ ನಿಧಾನವಾಗಿ ಉತ್ತರಿಸುತ್ತಿದೆ, ದಯವಿಟ್ಟು ತಾಳ್ಮೆಯಿಂದಿರಿ ಎಂಬರ್ಥದ ಸಂದೇಶವೇ ಅದರಲ್ಲಿದೆ. ಇಷ್ಟು ವಿನಯ ಯಾವ ಕಚೇರಿಯ ಕೌಂಟರಿನಲ್ಲಿ ಸಿಕ್ಕೀತು! ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿಯಲ್ಲಿ ಸಿಆರ್‌ಸಿ ದೋಷಗಳ ಎಣಿಕೆ ಏರುತ್ತಿದ್ದರೆ ಹೆಚ್ಚಾಗಿ ತಪ್ಪು ಸಾಟಾ ಕೇಬಲ್ಲಿನದು. ಬದಲಿ ವಲಯಗಳ ಎಣಿಕೆ ಏರುತ್ತಿದ್ದರೆ ಡಿಸ್ಕಿನದೇ, ಆಗ ಮೊದಲ ಕೆಲಸ ಬ್ಯಾಕಪ್. ಉಳಿದಂತೆ, ಸ್ಕ್ರೂಡ್ರೈವರ್ ಹುಡುಕುವ ಮುನ್ನ ಎಫ್‌ಎಸ್‌ಟ್ಯಾಬ್ ಪಟ್ಟಿಯನ್ನೊಮ್ಮೆ ತೆರೆದು, ‘ಬಿಎಲ್‌ಕೆಐಡಿ’ ಎಂಬ ಆಜ್ಞೆ ತೋರಿಸುವ ಗುರುತುಗಳ ಪಕ್ಕದಲ್ಲಿಟ್ಟು ಓದಿ. ಊರು ಬಿಟ್ಟವರ ಹೆಸರನ್ನು ಹೊಡೆದುಹಾಕಿ, ಪಂಕ್ತಿಗೆ ಬಡಿಸಿ.